ವ್ಯಾಕ್ಸ್ ಯಾವಾಗ? ತಿಂಗಳು ಎಣಿಸಬೇಡಿ, ನೀರು ಸುರಿದು ನೋಡಿ

ಕಾರನ್ನು ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಒಂದು ಪ್ರಶ್ನೆ ತಪ್ಪುವುದಿಲ್ಲ: "ಸರ್, ಆರು ತಿಂಗಳಾಯ್ತು, ಪಾಲಿಶ್ ಮತ್ತು ವ್ಯಾಕ್ಸ್ ಸೇರಿಸಿಬಿಡಲಾ?" ಎರಡು ವರ್ಷ ನಾನು ಸುಮ್ಮನೆ ತಲೆಯಾಡಿಸಿದೆ. ಕೇಳಿದವರೂ ಕಾರನ್ನು ನೋಡಿರಲಿಲ್ಲ, ಒಪ್ಪಿದ ನಾನೂ ನೋಡಿರಲಿಲ್ಲ.

ನೋಡಿದ್ದವನು ಒಬ್ಬನೇ. ನಮ್ಮ ಮುಂಬೈ ಸೊಸೈಟಿಯಲ್ಲಿ ಬೆಳಗಿನ ಜಾವ ಸಾಲಾಗಿ ಕಾರು ಒರೆಸುವ ಹುಡುಗ. ಒಂದು ದಿನ ಹಿಂದಿಯಲ್ಲಿ ಹೇಳಿದ: "ಸಾಹೇಬ್, ಮೊದಲು ನೀರು ಜಾರಿ ಹೋಗ್ತಿತ್ತು. ಈಗ ಅಂಟಿಕೊಂಡು ಕೂತಿರುತ್ತೆ. ಬಟ್ಟೆಯೂ ಎಳೆಯುತ್ತೆ." ವ್ಯಾಕ್ಸ್ ಮುಗಿದಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ಊರಲ್ಲಿ ಕೆಸುವಿನ ಎಲೆಯ ಮೇಲೆ ಮಳೆಹನಿ ಉರುಳುವುದನ್ನು ನೋಡಿರುತ್ತೀರಿ. ಆ ಎಲೆಯ ಮೈಮೇಲೂ ಸಣ್ಣ ಮೇಣದ ಪದರವಿದೆ. ನೀರು ಅದಕ್ಕೆ ಅಂಟುವುದಿಲ್ಲ, ಗುಂಡಗಾಗಿ ಜಾರುತ್ತದೆ. ಕಾರಿಗೆ ಹಚ್ಚುವ ಕಾರ್ನೌಬಾ ವ್ಯಾಕ್ಸ್ ಕೂಡ ಎಲೆಯದೇ, ಬ್ರೆಜಿಲ್‌ನ ಒಂದು ತಾಳೆಯ ಎಲೆಯಿಂದ ತೆಗೆದ ಮೇಣ. ಕೆಲಸವೂ ಅದೇ.

ಹಾಗಾಗಿ ಪರೀಕ್ಷೆ ಸುಲಭ. ಮೊದಲು ಕಾರನ್ನು ಚೆನ್ನಾಗಿ ತೊಳೆಯಿರಿ; ಧೂಳಿದ್ದರೆ ವ್ಯಾಕ್ಸ್ ಇದ್ದರೂ ನೀರು ಹರಡಿಕೊಳ್ಳುತ್ತದೆ. ಆಮೇಲೆ ಬಾನೆಟ್ ಮೇಲೆ ಒಂದು ಮಗ್ ನೀರು ಸುರಿಯಿರಿ. ಹನಿಗಳು ಸಣ್ಣದಾಗಿ, ಗುಂಡಗೆ ನಿಂತರೆ ವ್ಯಾಕ್ಸ್ ಇದೆ, ದುಡ್ಡು ಉಳಿಸಿ. ಹನಿಗಳು ಚಪ್ಪಟೆಯಾಗಿ ಒಂದಕ್ಕೊಂದು ಕೂಡಿ ಹಾಳೆಯಂತೆ ಹರಡಿದರೆ ಹೊಸ ಪದರ ಬೇಕು. ಬಾಗಿಲಿನ ಮೇಲಷ್ಟೇ ನೋಡಿ ತೀರ್ಮಾನಿಸಬೇಡಿ. ಬಿಸಿಲು ನೇರ ಬೀಳುವ ಬಾನೆಟ್, ರೂಫ್ ಮೇಲಿನದು ಮೊದಲು ಹೋಗುತ್ತದೆ. ಹೊಳಪನ್ನೂ ನಂಬಬೇಡಿ. ನನ್ನದು ಬಿಳಿ ಕಾರು, ವ್ಯಾಕ್ಸ್ ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಒಂದೇ.

ತಿಂಗಳ ಲೆಕ್ಕ ಏಕೆ ಸರಿಯಲ್ಲ? ಚೆನ್ನೈನಲ್ಲಿ ಬಯಲಿನಲ್ಲಿ ನಿಂತ ಕಾರು, ಪುಣೆಯ ಬೇಸ್‌ಮೆಂಟ್‌ನಲ್ಲಿ ನಿಂತ ಕಾರು, ದೆಹಲಿಯ ಧೂಳಿನಲ್ಲಿ ಓಡಾಡುವ ಕಾರು, ಮೂರಕ್ಕೂ ಒಂದೇ ಡಬ್ಬಿಯ ವ್ಯಾಕ್ಸ್ ಒಂದೇ ಅವಧಿ ಬಾಳುವುದಿಲ್ಲ. ಕಾರ್ನೌಬಾ ಕೆಲವೊಮ್ಮೆ ಕೆಲವೇ ವಾರಗಳಲ್ಲಿ ಸವೆಯುತ್ತದೆ. ಸಿಂಥೆಟಿಕ್ ಸೀಲೆಂಟ್ ಸಾಮಾನ್ಯವಾಗಿ ಹೆಚ್ಚು ಕಾಲ ನಿಲ್ಲುತ್ತದೆ.

"ಪ್ಯಾಕೇಜ್ ಹಾಕಿಸಿದರೆ ನಷ್ಟವೇನು, ಹೊಳೆಯುತ್ತದಲ್ಲ?" ಎನ್ನುವವರಿದ್ದಾರೆ. ನಷ್ಟವಿದೆ. ವ್ಯಾಕ್ಸ್ ಬಣ್ಣದ ಮೇಲೆ ಕೂರುವ ಪದರ. ಕಾಂಪೌಂಡ್ ಹಾಕಿ ಮಾಡುವ ಪಾಲಿಶ್ ಬಣ್ಣದ ಮೇಲಿನ ಕ್ಲಿಯರ್ ಕೋಟನ್ನೇ ತುಸು ಉಜ್ಜಿ ತೆಗೆಯುತ್ತದೆ. ಆ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು. ಅದು ಮತ್ತೆ ಬೆಳೆಯುವುದಿಲ್ಲ. ಗೀರು ತೆಗೆಯಬೇಕಾದಾಗ ಪಾಲಿಶ್ ಸರಿ. ಆರು ತಿಂಗಳಾಯಿತೆಂದು ಮಾಡಿಸುವುದು ತಪ್ಪು.

ಹಾಗೆಂದು ಉದಾಸೀನವೂ ಬೇಡ. ಹಕ್ಕಿಯ ಹಿಕ್ಕೆ ಬಿಸಿಲಲ್ಲಿ ಒಣಗಿದರೆ ಬಣ್ಣದ ಮೇಲೆ ಶಾಶ್ವತ ಕಲೆ ಬೀಳಬಹುದು. ವ್ಯಾಕ್ಸ್ ಇದ್ದರೆ ಅದನ್ನು ಒರೆಸಲು ಸ್ವಲ್ಪ ಸಮಯ ಸಿಗುತ್ತದೆ, ಅಷ್ಟೇ. ಮುಂಬೈ, ಚೆನ್ನೈಗಳ ಉಪ್ಪುಗಾಳಿಯಲ್ಲಿರುವವರು ಪರೀಕ್ಷೆಯನ್ನು ತುಸು ಬೇಗ ಬೇಗ ಮಾಡುವುದು ಒಳ್ಳೆಯದು. ಹಚ್ಚುವಾಗ ಕಾರು ನೆರಳಿನಲ್ಲಿರಲಿ, ಮುಟ್ಟಿದರೆ ತಣ್ಣಗಿರಲಿ. ಮ್ಯಾಟ್ ಬಣ್ಣದ ಕಾರಿಗೆ ಮಾಮೂಲಿ ವ್ಯಾಕ್ಸ್ ಹಚ್ಚಲೇಬೇಡಿ.

ಇನ್ನು ನನ್ನ ಕಾರಿನ ವ್ಯಾಕ್ಸ್ ಬೇಗ ಹೋಗಿದ್ದೇಕೆ? ಹುಡುಗ ಒರಟಾಗಿ ಉಜ್ಜುತ್ತಾನೆಂದು ನಾನು ಮನೆಯಲ್ಲಿ ಬೈದುಕೊಂಡಿದ್ದೆ. ಅವನ ಬಕೆಟ್ಟಿನಲ್ಲಿದ್ದದ್ದು ಬಟ್ಟೆ ಒಗೆಯುವ ಪುಡಿ. ಕೊಟ್ಟವನು ನಾನೇ! ಜಿಡ್ಡು ತೆಗೆಯುವ ಡಿಟರ್ಜೆಂಟ್ ಮೇಣವನ್ನೂ ಬಿಡುವುದಿಲ್ಲ. ಜೊತೆಗೆ ಇಪ್ಪತ್ತು ಕಾರುಗಳ ಧೂಳು ತಿಂದ ಒಂದೇ ಬಟ್ಟೆ.

ಈ ವರ್ಷ ಪ್ಯಾಕೇಜ್ ಬೇಡವೆಂದೆ. ಆ ದುಡ್ಡಿನಲ್ಲಿ ಒಂದು ಕಾರ್ ಶಾಂಪೂ, ನಾಲ್ಕು ಮೈಕ್ರೋಫೈಬರ್ ಬಟ್ಟೆ, ಒಂದು ಡಬ್ಬಿ ವ್ಯಾಕ್ಸ್ ಬಂತು. ಉಳಿದದ್ದನ್ನು ಹುಡುಗನ ಪಗಾರಕ್ಕೆ ಸೇರಿಸಿದೆ. ನೀರು ಅಂಟತೊಡಗಿದ ದಿನ ಹೇಳು ಎಂದಿದ್ದೇನೆ. ದಿನವೂ ಕಾರು ಮುಟ್ಟುವವನು ಅವನು. ಅವನು ಹೇಳಿದ ದಿನ ಹಚ್ಚಿದರೆ ಸಾಕು.