ಡಬ್ಬಿಯ ಬೆನ್ನು ಓದಿ, ಆಮೇಲೆ ಮುಖಕ್ಕೆ ಹಚ್ಚಿ!

ಗೆಳೆಯರೇ, ನಿಮ್ಮ ಮನೆಯ ಕನ್ನಡಿ ಪಕ್ಕ ಒಂದು ಪುಟ್ಟ ಡಬ್ಬಿ ಇದ್ದೇ ಇರುತ್ತದೆ. ಅದರ ಮುಂದೆ ನಟಿಯೊಬ್ಬಳ ನಗು. 'ಏಳೇ ದಿನದಲ್ಲಿ ಸುಕ್ಕು ಮಾಯ, ಹತ್ತು ವರ್ಷ ಕಿರಿಯರಾಗಿ' ಎಂಬ ಭರವಸೆ. ಅದು ಅಮ್ಮನದಿರಬಹುದು, ಅಕ್ಕನದಿರಬಹುದು, ಯಾರಿಗೂ ಹೇಳದೆ ನೀವೇ ತಂದಿಟ್ಟುಕೊಂಡದ್ದೂ ಇರಬಹುದು. ನಾಚಿಕೆ ಬೇಡ. ಇವತ್ತು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ.

ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ, ವಯಸ್ಸು ನಲವತ್ತು ದಾಟಿದೆ. ಒಂಬೈನೂರು ರೂಪಾಯಿ ಕೊಟ್ಟು ಇಂಥದ್ದೇ ಒಂದು ಡಬ್ಬಿ ತಂದಿದ್ದರು. 'ಇದು ಅಸಲಿನಾ ನೋಡಪ್ಪ, ಎಲ್ಲಾ ಇಂಗ್ಲಿಷಲ್ಲೇ ಬರೆದವ್ರೆ' ಎಂದು ನನ್ನ ಕೈಗೆ ಕೊಟ್ಟರು. ನೋಡಿದರೆ ತಯಾರಿಸಿದವರ ವಿಳಾಸವಿಲ್ಲ, ಲೈಸೆನ್ಸ್ ನಂಬರಿಲ್ಲ, ಬ್ಯಾಚ್ ನಂಬರಿಲ್ಲ. ಇದನ್ನು ಕಂಡುಹಿಡಿಯಲು ದೊಡ್ಡ ಇಂಗ್ಲಿಷೇನೂ ಬೇಕಿರಲಿಲ್ಲ. ಡಬ್ಬಿಯ ಮೇಲೆ ಏನೇನಿರಬೇಕು ಎಂದು ತಿಳಿದಿದ್ದರೆ ಸಾಕಿತ್ತು. ಆ ಅಕ್ಕನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವು, ನೀವು.

ಇಲ್ಲಿ ಎರಡು ಪ್ರಶ್ನೆಗಳಿವೆ. ಒಂದು, ಮಾಲು ಅಸಲಿಯೇ? ಎರಡು, ಅದು ಕೆಲಸ ಮಾಡುತ್ತದೆಯೇ? ಜಾಹೀರಾತಿನವರು ಎರಡನ್ನೂ ಕಲಸಿ ನಿಮ್ಮನ್ನು ಯಾಮಾರಿಸುತ್ತಾರೆ. ಅಸಲಿ ಡಬ್ಬಿಯೊಳಗೆ ಬರೀ ಜಿಡ್ಡು ಇರಬಹುದು. ನಕಲಿ ಡಬ್ಬಿ ಒಂದೇ ವಾರದಲ್ಲಿ ಮುಖ ಹೊಳೆಯುವಂತೆ ಮಾಡಲೂಬಹುದು. ಈ ಎರಡನೆಯದೇ ಹೆಚ್ಚು ಅಪಾಯ!

ಮೊದಲು ಅಸಲಿಯ ವಿಚಾರ. ಕ್ರೀಮು ಎಂದರೆ ಯಾರು ಬೇಕಾದರೂ ಅಡುಗೆಮನೆಯಲ್ಲಿ ಕಲಸಿ ಮಾರುವ ಸರಕಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಇದೆ, ಅದರಡಿ 2020ರ ಕಾಂತಿವರ್ಧಕ ನಿಯಮಗಳಿವೆ. ಅವುಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರು, ಯಾವ ತಿಂಗಳು ಯಾವ ವರ್ಷದೊಳಗೆ ಬಳಸಬೇಕು ಎಂಬ ವಿವರ, ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇರಲೇಬೇಕು. ಇಲ್ಲೇ ತಯಾರಾದ ಮಾಲಾದರೆ 'ಎಂ' ಅಕ್ಷರದ ಮುಂದೆ ಲೈಸೆನ್ಸ್ ನಂಬರು. ಹೊರದೇಶದ್ದಾದರೆ ಆಮದು ಮಾಡಿಕೊಂಡವರ ಹೆಸರು, ವಿಳಾಸ ಮತ್ತು ನೋಂದಣಿ ನಂಬರು. 'ಕೊರಿಯಾ ಮಾಲು', 'ದುಬೈ ಮಾಲು' ಎಂದು ಹೇಳಿ ಇದ್ಯಾವುದೂ ಇಲ್ಲದ ಡಬ್ಬಿ ಕೊಟ್ಟರೆ ಅಂಗಡಿಯವನಿಗೇ ವಾಪಸು ಕೊಡಿ. ರಟ್ಟಿನ ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರೂ ಒಳಗಿನ ಡಬ್ಬಿಯ ಮೇಲಿನ ನಂಬರೂ ಒಂದೇ ಇದೆಯೇ ನೋಡಿ. ತಾರೀಖಿನ ಮೇಲೆ, ಬೆಲೆಯ ಮೇಲೆ ಬೇರೆ ಚೀಟಿ ಅಂಟಿಸಿದ್ದರೆ ಅನುಮಾನಪಡಿ. ಬಿಲ್ ಇಲ್ಲದೆ ಕೊಳ್ಳಲೇಬೇಡಿ.

ಆದರೆ ನಂಬರನ್ನೂ ನಕಲು ಹೊಡೆಯುವ ಖದೀಮರಿದ್ದಾರೆ. ಆದ್ದರಿಂದ ಇನ್ನೊಂದು ಪರೀಕ್ಷೆ ಹೇಳುತ್ತೇನೆ. ವಾರದೊಳಗೆ ಕಲೆ, ಸುಕ್ಕು ಎಲ್ಲ ಮಾಯವಾಗಿ ಮುಖ ಬೆಳಗಿದರೆ ಖುಷಿಪಡಬೇಡಿ, ಹೆದರಿ. ಅಂಥ ಕ್ರೀಮಿನಲ್ಲಿ ಸ್ಟೀರಾಯ್ಡ್ ಇರಬಹುದು, ಪಾದರಸ ಇರಬಹುದು. ಸ್ಟೀರಾಯ್ಡ್ ಮೊದಲು ಮುಖವನ್ನು ಚೆಂದ ಮಾಡುತ್ತದೆ, ಆಮೇಲೆ ಚರ್ಮವನ್ನೇ ತೆಳ್ಳಗೆ ಮಾಡುತ್ತದೆ. ನಿಲ್ಲಿಸಿದ ಕೂಡಲೇ ಮುಖ ಕೆಂಪೇರಿ ಉರಿಯುತ್ತದೆ. ಪಾದರಸ ಮುಖದಲ್ಲೇ ನಿಲ್ಲುವುದಿಲ್ಲ, ಕಿಡ್ನಿಗೆ ಇಳಿಯುತ್ತದೆ.

ಇದು ಕಟ್ಟುಕತೆಯಲ್ಲ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ನಡೆದದ್ದು. 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ, ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಒಂದು ಬಗೆಯ ಕಿಡ್ನಿ ರೋಗದ 22 ಮಂದಿಯನ್ನು ಅಲ್ಲಿನ ವೈದ್ಯರು ಪರೀಕ್ಷಿಸಿದರು. ಅವರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದರು. ಕ್ರೀಮು ನಿಲ್ಲಿಸಿದ ಮೇಲೆ ಬಹುತೇಕರು ಚೇತರಿಸಿಕೊಂಡರು. ಅದು ಬಿಳುಪಿನ ಕ್ರೀಮು, ನಮ್ಮದು ಸುಕ್ಕಿನದು ಎನ್ನಬೇಡಿ. ಕಲೆ, ಸುಕ್ಕು ಹೋಗಲಾಡಿಸುತ್ತೇವೆ ಎಂದು ಮಾರುವ ಕ್ರೀಮುಗಳಲ್ಲೂ ಪಾದರಸ ಸಿಗುತ್ತದೆ ಎಂದು ಅಮೆರಿಕದ ಔಷಧ ಇಲಾಖೆ ಎಚ್ಚರಿಸಿದೆ. ನಮ್ಮ ನಿಯಮದ ಪ್ರಕಾರ ಮುಖದ ಕ್ರೀಮಿನಲ್ಲಿ ಅಕಸ್ಮಾತ್ ಸೇರಿದ ಪಾದರಸ ಕೂಡ ಹತ್ತು ಲಕ್ಷ ಪಾಲಿಗೆ ಒಂದು ಪಾಲನ್ನು ಮೀರುವಂತಿಲ್ಲ.

ಸರಿ, ಡಬ್ಬಿ ಅಸಲಿಯೇ ಎಂದುಕೊಳ್ಳೋಣ. ಕೆಲಸ ಮಾಡುತ್ತದೆಯೇ? ಬ್ರಿಟನ್ನಿನ ಒಂದು ಉದಾಹರಣೆ ಕೇಳಿ. ಅಲ್ಲಿನ ಬೂಟ್ಸ್ ಕಂಪನಿಯ ಸುಕ್ಕಿನ ಕ್ರೀಮನ್ನು 2007ರಲ್ಲಿ ಟಿ.ವಿ. ಕಾರ್ಯಕ್ರಮವೊಂದು ಹೊಗಳಿದ್ದೇ ತಡ, ಜನ ಅಂಗಡಿಗೆ ಮುಗಿಬಿದ್ದರು. ಆಮೇಲೆ 60 ಮಂದಿಯ ಮೇಲೆ ಪರೀಕ್ಷೆ ನಡೆದು 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಅರ್ಧ ಜನಕ್ಕೆ ಆ ಕ್ರೀಮು, ಉಳಿದರ್ಧಕ್ಕೆ ಅದರ ಮುಖ್ಯ ಅಂಶಗಳಿಲ್ಲದ ಸಾದಾ ಕ್ರೀಮು. ಯಾರಿಗೆ ಯಾವುದು ಎಂದು ಹಚ್ಚಿಕೊಂಡವರಿಗೂ ಗೊತ್ತಿಲ್ಲ, ನೋಡಿದವರಿಗೂ ಗೊತ್ತಿಲ್ಲ. ಆರು ತಿಂಗಳ ಮೇಲೆ ಅಸಲಿ ಕ್ರೀಮು ಹಚ್ಚಿದವರಲ್ಲಿ ನೂರಕ್ಕೆ 43 ಮಂದಿಗೆ ಸುಕ್ಕು ಕಡಿಮೆಯಾಗಿತ್ತು. ಸಾದಾ ಕ್ರೀಮು ಹಚ್ಚಿದವರಲ್ಲೂ ನೂರಕ್ಕೆ 22 ಮಂದಿಗೆ ಕಡಿಮೆಯಾಗಿತ್ತು!

ಇದರಿಂದ ಏನು ತಿಳಿಯಿತು? ಒಳ್ಳೆಯ ಕ್ರೀಮಿಗೂ ಆರು ತಿಂಗಳು ಬೇಕು. ಆಗಲೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಲಾಭ ಕಾಣಲಿಲ್ಲ. ಸಾದಾ ಕ್ರೀಮಿಗೂ ಒಣಚರ್ಮ ಮೃದುವಾಗಿ ಗೆರೆ ಮಸುಕಾಗುತ್ತದೆ. ಹಾಗಾದರೆ 'ಏಳು ದಿನ' ಎನ್ನುವವನು ಯಾರು? ನೀವೇ ಹೇಳಿ. 'ಹಚ್ಚಿದವರಲ್ಲಿ ನೂರಕ್ಕೆ 90 ಮಂದಿ ಒಪ್ಪಿದ್ದಾರೆ' ಎಂದು ಜಾಹೀರಾತು ಕೂಗಿದರೆ, ಒಟ್ಟು ಎಷ್ಟು ಮಂದಿ, ಎಷ್ಟು ದಿನ, ಯಾವುದರ ಜೊತೆ ಹೋಲಿಸಿದರು ಎಂದು ಕೇಳಿ.

'ಕೊಲಾಜೆನ್ ಕ್ರೀಮು' ಎಂಬ ಇನ್ನೊಂದು ಮಂಕುಬೂದಿ ಇದೆ. ಚರ್ಮದ ಮೇಲ್ಪದರ ದಾಟಿ ಒಳಗೆ ಇಳಿಯಬೇಕಾದರೆ ಅಣುವಿನ ತೂಕ ಸುಮಾರು 500 ಡಾಲ್ಟನ್ ಒಳಗಿರಬೇಕು. ಕೊಲಾಜೆನ್ ಅಣುವಿನದು ಸುಮಾರು ಮೂರು ಲಕ್ಷ! ಕಿಟಕಿಯ ಸಂದಿಯಲ್ಲಿ ಆನೆ ನುಗ್ಗಿಸಿದ ಹಾಗೆ. ಮೇಲೆ ಕೂತು ತೇವ ಹಿಡಿದಿಡುತ್ತದೆ, ಅಷ್ಟೆ.

ಹಾಗಾದರೆ ನಿಜವಾಗಿ ಕೆಲಸ ಮಾಡುವುದು ಯಾವುದೂ ಇಲ್ಲವೇ? ಇದೆ. ಬಿಸಿಲಿನಿಂದ ಮುಪ್ಪಾದ ಚರ್ಮಕ್ಕೆ ಟ್ರೆಟಿನಾಯಿನ್ ಎಂಬ ಔಷಧ ಉಪಯೋಗವಾಗುತ್ತದೆ ಎಂದು 1980ರ ದಶಕದಲ್ಲೇ ಅಮೆರಿಕದ ಚರ್ಮವೈದ್ಯರು ತೋರಿಸಿದರು. ಆದರೆ ಅದು ಔಷಧ. ವೈದ್ಯರ ಚೀಟಿ ಬೇಕು, ಗರ್ಭಿಣಿಯರು ಮುಟ್ಟಬಾರದು. ಅಂಗಡಿಯಲ್ಲಿ ಸಿಗುವ ರೆಟಿನಾಲ್ ಅದರ ಬಡ ತಮ್ಮ. ಇವೆರಡಕ್ಕಿಂತ ಸುಲಭವಾದದ್ದು ಬಿಸಿಲು ತಡೆಯುವ ಸನ್‌ಸ್ಕ್ರೀನ್. ಆಸ್ಟ್ರೇಲಿಯಾದ ನ್ಯಾಂಬೋರ್‌ನಲ್ಲಿ 55 ವರ್ಷದೊಳಗಿನ 903 ಮಂದಿಯ ಮೇಲೆ ನಾಲ್ಕೂವರೆ ವರ್ಷ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದ ಮುಪ್ಪು ಉಳಿದವರಿಗಿಂತ ನೂರಕ್ಕೆ 24ರಷ್ಟು ಕಡಿಮೆಯಿತ್ತು. ಅದರ ಜೊತೆ ಬಿಸಿಲಲ್ಲಿ ಒಂದು ಕೊಡೆ, ತಲೆಗೆ ಟೋಪಿ. ಕಂಪನಿ ಹಾಕುವ ಟೋಪಿ ಅಲ್ಲ, ಬಟ್ಟೆಯ ಟೋಪಿ!

ಕೊನೆಗೆ ಆ ಅಕ್ಕನ ಮಾತಿಗೇ ಬರೋಣ. 'ಎಲ್ಲಾ ಇಂಗ್ಲಿಷಲ್ಲೇ ಬರೆದವ್ರೆ.' ಯಾಕೆ ಹಾಗೆ? ಪೊಟ್ಟಣದ ಸರಕಿನ ಬಗ್ಗೆ 2011ರ ಕೇಂದ್ರದ ನಿಯಮ ಹೇಳುವುದು ಇಷ್ಟೇ: ವಿವರಗಳು ಹಿಂದಿಯಲ್ಲಿರಲಿ ಅಥವಾ ಇಂಗ್ಲಿಷಿನಲ್ಲಿರಲಿ. ಬೇರೆ ಭಾಷೆ ಬೇಕಾದರೆ ಜೊತೆಗೆ ಸೇರಿಸಬಹುದು, ಕಡ್ಡಾಯವಿಲ್ಲ. ಕರ್ನಾಟಕದಲ್ಲೇ ತಯಾರಾಗುವ ಸರಕಿನ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಆದೇಶಿಸಿತು. ಒಳ್ಳೆಯದೇ. ಆದರೆ ಹೊರರಾಜ್ಯದಿಂದ ಬರುವ ಡಬ್ಬಿಗೆ ಅದು ತಟ್ಟುವುದಿಲ್ಲ. ಜಾಹೀರಾತು ಮಾತ್ರ ಅಚ್ಚಗನ್ನಡದಲ್ಲಿ ಬರುತ್ತದೆ, ಗಮನಿಸಿದ್ದೀರಾ? ಕಾಸು ಕೇಳುವಾಗ ಕನ್ನಡ, ಎಚ್ಚರಿಕೆ ಹೇಳುವಾಗ ಇಂಗ್ಲಿಷ್. ಇದು ಯಾವ ನ್ಯಾಯ?

ಆ ನಿಯಮ ಬದಲಾಗುವವರೆಗೆ ಡಬ್ಬಿಯ ಬೆನ್ನನ್ನು ಓದಿ ಹೇಳುವ ಕೆಲಸ ನಿಮ್ಮದು. ಇಂದು ಸಂಜೆ ಮನೆಯಲ್ಲಿರುವ ಡಬ್ಬಿಗಳನ್ನು ಅಮ್ಮನ ಮುಂದೆ ಇಟ್ಟುಕೊಂಡು ಒಂದೊಂದಾಗಿ ಕನ್ನಡದಲ್ಲಿ ಓದಿ ಹೇಳಿ. ಮೋಸ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಡಬ್ಬಿ, ಬಿಲ್ಲು ಎಸೆಯಬೇಡಿ, ಅದೇ ಸಾಕ್ಷಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಸುಳ್ಳು ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಆ ಅಕ್ಕ ಡಬ್ಬಿಯನ್ನು ಅಂಗಡಿಗೆ ವಾಪಸು ಒಯ್ದರು. 'ಲೈಸೆನ್ಸ್ ನಂಬರ್ ಎಲ್ಲಿದೆ ತೋರಿಸಪ್ಪ' ಎಂದು ಕನ್ನಡದಲ್ಲೇ ಕೇಳಿದರು. ಅಂಗಡಿಯವನು ತುಟಿ ಬಿಚ್ಚದೆ ಒಂಬೈನೂರು ರೂಪಾಯಿ ಎಣಿಸಿ ಕೊಟ್ಟ. ನೀವೂ ಕೇಳಿ.