ಹಳೆಯ ದೆವ್ವಕ್ಕೆ ಹೊಸ ಸಂಗೀತ ಸರಿಯೇ?

ಅಮೆರಿಕದ ಹಳೆಯ ಭಯಾನಕ ಟಿವಿ ಸರಣಿಗಳು ಡಿಸ್ಕ್ ರೂಪದಲ್ಲಿ ಮರಳಿ ಬಂದಾಗ ಕೆಲವೊಮ್ಮೆ ಮೂಲ ಸಂಗೀತ ಮಾಯವಾಗಿರುತ್ತದೆ. ಆ ಜಾಗದಲ್ಲಿ ಹೊಸದಾಗಿ ಬರೆಸಿದ್ದು ಕೇಳಿಸುತ್ತದೆ. ಜಾರ್ಜ್ ರೊಮೆರೊ ಸೃಷ್ಟಿಸಿದ ‘ಟೇಲ್ಸ್ ಫ್ರಮ್ ದ ಡಾರ್ಕ್‌ಸೈಡ್’ 2009ರಲ್ಲಿ ಡಿವಿಡಿಯಾಗಿ ಬಂದಾಗಲೂ ಹೀಗೇ ಆಯಿತು. ಸಂಗೀತದ ಹಕ್ಕು ಸಿಗದಿದ್ದಾಗ ಈ ಬದಲಾವಣೆ ಒಪ್ಪತಕ್ಕದ್ದೇ?

ಪರ: ಕಪಾಟಿನಲ್ಲಿ ಕೊಳೆಯುವುದಕ್ಕಿಂತ ಮೇಲು

ಅಂದಿನ ಎಷ್ಟೋ ಒಪ್ಪಂದಗಳು ಪ್ರಸಾರ, ಮರುಪ್ರಸಾರಗಳನ್ನಷ್ಟೇ ಎಣಿಸಿ ಬರೆದವು. ಧಾರಾವಾಹಿಯನ್ನು ಜನ ಕೊಂಡು ಮನೆಯಲ್ಲಿಟ್ಟುಕೊಳ್ಳುತ್ತಾರೆಂದು ಯಾರು ಊಹಿಸಿದ್ದರು? ಬಜೆಟ್ ಕಡಿಮೆಯಿದ್ದ ಕಡೆ ಲೈಬ್ರರಿ ಸಂಗೀತದ, ಅಂದರೆ ಮೊದಲೇ ಮುದ್ರಿಸಿಟ್ಟ ಸಿದ್ಧ ಸಂಗೀತದ, ತುಣುಕುಗಳನ್ನು ಜೋಡಿಸಿ ಕೆಲಸ ಮುಗಿಸುತ್ತಿದ್ದರು. ಒಂದೇ ಕಂತಿನ ಸಂಗೀತಕ್ಕೆ ಹಲವು ಮಾಲೀಕರು; ಹಕ್ಕು ಕೈಯಿಂದ ಕೈಗೆ ದಾಟಿರುತ್ತದೆ. ಒಬ್ಬರು ಒಪ್ಪದಿದ್ದರೂ ಕಂತು ಹೊರಬರದು. ಕಥೆಗಾರ, ನಟ, ಛಾಯಾಗ್ರಾಹಕರ ಶ್ರಮವನ್ನೆಲ್ಲ ಒಪ್ಪಿಗೆಯ ಒಂದು ಕಾಗದಕ್ಕಾಗಿ ಹೂಳಬೇಕೇ?

ಬದಲಿ ಸಂಗೀತ ಬರೆಯುವುದು ಸುಲಭದ ಕೆಲಸವೂ ಅಲ್ಲ. ಸಂಕಲನ ಎಂದೋ ಮುಗಿದಿದೆ, ಒಂದು ಫ್ರೇಮನ್ನೂ ಅಲುಗಿಸುವಂತಿಲ್ಲ. ಬಾಗಿಲು ತೆರೆಯುವ ಕ್ಷಣಕ್ಕೆ ಸ್ವರ ಏರಬೇಕು, ಮಾತಿನ ಅಡಿಯಲ್ಲಿ ತಗ್ಗಬೇಕು, ಆ ಕಾಲದ ವಾದ್ಯಗಳ ನಾದಕ್ಕೂ ಹೊಂದಬೇಕು.

ಬದಲಿಯೇ ಮೂಲವನ್ನು ಮೀರಿಸಿದ್ದೂ ಉಂಟು. ‘ದ ಟ್ವೈಲೈಟ್ ಜೋನ್’ ಸರಣಿಯನ್ನು ನೋಡಿ. 1959ರ ಮೊದಲ ಸೀಸನ್‌ಗೆ ಶೀರ್ಷಿಕೆ ಸಂಗೀತ ಕೊಟ್ಟವರು ಬರ್ನಾರ್ಡ್ ಹರ್ಮನ್. ಎರಡನೆಯ ಸೀಸನ್‌ನಲ್ಲಿ ಅದನ್ನು ತೆಗೆದು ಮಾರಿಯುಸ್ ಕಾನ್‌ಸ್ಟಂಟ್ ಸಂಗೀತ ಹಾಕಿದರು. ಇಂದು ಜಗತ್ತು ಗುರುತಿಸುವುದು ಈ ಬದಲಿಯನ್ನೇ. 1931ರ ‘ಡ್ರಾಕುಲಾ’ ಚಿತ್ರಕ್ಕೆ ಫಿಲಿಪ್ ಗ್ಲಾಸ್ 1990ರ ದಶಕದ ಕೊನೆಯಲ್ಲಿ ಹೊಸ ಸಂಗೀತ ಬರೆದರು, ಕ್ರೋನೋಸ್ ಕ್ವಾರ್ಟೆಟ್ ನುಡಿಸಿತು. ಡ್ರಾಕುಲಾ ಪಾತ್ರದ ಬೆಲಾ ಲುಗೋಸಿ ಹುಟ್ಟಿಸುವ ಭಯವೇನೂ ಕುಗ್ಗಲಿಲ್ಲ. ಹೊಸ ಪೀಳಿಗೆ ಈ ಹಳೆಯ ಸರಣಿಗಳನ್ನು ನೋಡುವುದೇ ಮುಖ್ಯ. ಹೊಸ ಸಂಗೀತಕ್ಕೆ ದಾರಿ ಬಿಡಿ.

ವಿರೋಧ: ಭಯ ಇರುವುದೇ ಕಿವಿಯಲ್ಲಿ

‘ಡ್ರಾಕುಲಾ’ದ ಉದಾಹರಣೆ ಇಲ್ಲಿ ಸಲ್ಲದು. ಆ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇರಲಿಲ್ಲವೆನ್ನಬೇಕು. ಗ್ಲಾಸ್ ಮೌನಕ್ಕೆ ಸೇರಿಸಿದರೇ ಹೊರತು ಇನ್ನೊಬ್ಬರದನ್ನು ಅಳಿಸಲಿಲ್ಲ. ಡಿವಿಡಿಯಲ್ಲಿ ಅದು ಬೇಕಾದರೆ ಆರಿಸಿಕೊಳ್ಳುವ ಪ್ರತ್ಯೇಕ ಟ್ರ್ಯಾಕ್ ಆಗಿತ್ತು. ಕಾನ್‌ಸ್ಟಂಟ್ ಸಂಗೀತವೂ ಲೈಬ್ರರಿಯ ಎರಡು ತುಣುಕುಗಳ ಜೋಡಣೆಯೇ. ಲೈಬ್ರರಿಯದೆಂದರೆ ಬದಲಿಸಿದರೂ ನಡೆಯುತ್ತದೆ ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕೇ?

ಹಾಸ್ಯ ಸರಣಿಯಲ್ಲಿ ಸಂಗೀತ ಹೋದರೆ ಮಾತು ಉಳಿಯುತ್ತದೆ. ಭಯಾನಕ ಸರಣಿಯಲ್ಲಿ ಖಾಲಿ ಓಣಿಯಲ್ಲಿ ಹೆಂಗಸೊಬ್ಬಳು ನಡೆಯುತ್ತಾಳೆ, ಅಷ್ಟೆ; ಹೆದರಿಸುವುದು ಪಿಟೀಲು. ತಾಂತ್ರಿಕ ನಷ್ಟ ಬೇರೆ. ಮಾತು, ಸದ್ದು, ಸಂಗೀತ ಮೂರನ್ನೂ ಒಂದೇ ಟ್ರ್ಯಾಕಿಗೆ ಬೆರೆಸಿದ್ದರೆ ಸಂಗೀತವೊಂದನ್ನೇ ಸ್ವಚ್ಛವಾಗಿ ಕೀಳುವುದು ಕಷ್ಟ. ಹೆಜ್ಜೆ, ಬಾಗಿಲ ಕಿರುಗುಟ್ಟುವಿಕೆ, ಗಾಳಿ ಎಲ್ಲವನ್ನೂ ಮತ್ತೆ ಮಾಡಬೇಕಾಗಬಹುದು.

ಹಕ್ಕು ಸಿಗುವುದೇ ಇಲ್ಲವೆಂಬ ಮಾತನ್ನು ಸುಮ್ಮನೆ ನಂಬಬಾರದು. ಭಯಾನಕವಲ್ಲದ ‘ದ ಫ್ಯುಜಿಟಿವ್’ ಸರಣಿಯ ಪ್ರಕರಣ ಕಣ್ಣೆದುರಿಗಿದೆ. 2008ರ ಡಿವಿಡಿಯಲ್ಲಿ ಪೀಟ್ ರುಗೊಲೊ ಸಂಗೀತದ ಬದಲು ಸಿಂಥಸೈಜರ್ ಕೇಳಿದ ಅಭಿಮಾನಿಗಳು ಸಿಡಿದೆದ್ದರು. ಮರುವರ್ಷವೇ ಡಿವಿಡಿ ಕಂಪನಿ ಮೂಲ ಸಂಗೀತದ ಬಹುಪಾಲನ್ನು ಮರಳಿಸಿದ ಡಿಸ್ಕ್‌ಗಳನ್ನು ಕೊಟ್ಟಿತು. ಅದೇ ರುಗೊಲೊ, ಜೆರ್ರಿ ಗೋಲ್ಡ್‌ಸ್ಮಿತ್, ಮಾರ್ಟನ್ ಸ್ಟೀವನ್ಸ್ ಸಂಗೀತವಿದ್ದ ಬೋರಿಸ್ ಕಾರ್ಲಾಫ್‌ರ ‘ಥ್ರಿಲ್ಲರ್’ 2010ರಲ್ಲಿ ಬಂದಾಗ, ಹಲವು ಕಂತುಗಳ ಸಂಗೀತವನ್ನು ಸಂಭಾಷಣೆಯಿಲ್ಲದೆ ಕೇಳುವ ಅನುಕೂಲವೇ ಇತ್ತು. ಮನಸ್ಸಿದ್ದರೆ ಮಾರ್ಗ.

ಬೇರೆ ದಾರಿಯೇ ಇಲ್ಲದಿದ್ದರೆ ಬದಲಾದ ಸಂಗೀತದ ವಿಷಯವನ್ನು ಪೆಟ್ಟಿಗೆಯ ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಲಿ, ಹೊಸ ಸಂಗೀತಗಾರನ ಹೆಸರನ್ನೂ ಹಾಕಲಿ, ಮೂಲ ಧ್ವನಿಯನ್ನು ಜೋಪಾನವಾಗಿಡಲಿ. ಓದುಗರೂ ಅಷ್ಟೆ: ಹಣ ಕೊಡುವ ಮೊದಲು ಪೆಟ್ಟಿಗೆಯ ಹಿಂಬದಿಯ ಸಣ್ಣಕ್ಷರ ಓದಿ; ಸಂಗೀತ ಬದಲಾಗಿದ್ದರೆ ಕಂಪನಿಗೆ ಪತ್ರ ಬರೆಯಿರಿ.