ಹೂಳಿನ ಲೆಕ್ಕ

ಬಚ್ಚಲಿನ ಹಂಡೆಯ ತಳದಲ್ಲಿ ಕುಳಿತ ಮಣ್ಣನ್ನು ಆಗಾಗ ತಿಕ್ಕಿ ತೆಗೆಯದಿದ್ದರೆ ಅದರಲ್ಲಿ ಹಿಡಿಯುವ ನೀರು ಕಡಮೆಯಾಗುತ್ತ ಹೋಗುವುದೆಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾದುದಿಲ್ಲ. ಹಂಡೆಯ ವಿಷಯದಲ್ಲಿ ನಿಜವಾದುದು ನಾಡಿನ ದೊಡ್ಡ ಜಲಾಶಯಗಳ ವಿಷಯದಲ್ಲಿಯೂ ನಿಜವೇ ಆಗಿದೆ. ಆದರೆ ಹಂಡೆಯನ್ನು ಬೋರಲು ಹಾಕಿ ತೊಳೆಯಬಹುದು. ಜಲಾಶಯವನ್ನು ಹಾಗೆ ಮಾಡಲು ಬಾರದು. ಈ ತಿಂಗಳು ವಾಚಕರೊಡನೆ ಆ ಮಾತನ್ನೇ ಆಡಬೇಕೆಂದಿದ್ದೇವೆ.

ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿ ಆರ್.ಎಚ್. ಕ್ಯಾಂಪ್ ಎಂಬ ಊರುಗಳಿವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಸರಕಾರವು ಇಲ್ಲಿ ನೆಲೆಯನ್ನು ಕಲ್ಪಿಸಿಕೊಟ್ಟಿತು. ಗಂಗೆ ಬ್ರಹ್ಮಪುತ್ರೆಗಳು ತಂದು ಹರಡಿದ ಮೆಕ್ಕಲು ಮಣ್ಣಿನಲ್ಲಿ ಭತ್ತ ಬೆಳೆದು ಬಾಳಿದ್ದ ಆ ಜನರು, ಇಲ್ಲಿಯ ಎರೆಯ ಹೊಲಗಳಲ್ಲಿ ತುಂಗಭದ್ರೆಯ ಎಡದಂಡೆಯ ಕಾಲುವೆಯನ್ನು ನಂಬಿ ಪುನಃ ಸಂಸಾರಗಳನ್ನು ಕಟ್ಟಿಕೊಂಡರು. ಅವರ ಹಿರಿಯರಿಗೆ ಅನ್ನವಿತ್ತುದು ಹೊಳೆಯ ಮಣ್ಣು. ಅದೇ ಹೊಳೆಯ ಮಣ್ಣು ಇಂದು ಅವರ ಮಕ್ಕಳ ಪಾಲಿನ ನೀರಿನ ಎಡೆಯನ್ನು ನುಂಗುತ್ತಿದೆ. ಹೊಲದ ಮೇಲೆ ಹರಡಿದರೆ ಸಂಪತ್ತಾಗುವ ವಸ್ತುವೇ ಅಣೆಕಟ್ಟಿನ ಹಿಂದೆ ನಿಂತರೆ ವಿಪತ್ತಾಗುವುದು.

ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದಿತು. 1953ರಲ್ಲಿ ನೀರು ನಿಂತಿತು. ಆಗ ಅದರಲ್ಲಿ ಸುಮಾರು 132 ಟಿಎಂಸಿ ನೀರು ಹಿಡಿಯುತ್ತಿತ್ತು. ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ. 2008ರ ಅಳತೆಯಲ್ಲಿ ಇದು ಸುಮಾರು 101ಕ್ಕೆ ಇಳಿದಿತ್ತು; 2016ರ ಅಳತೆಯಲ್ಲಿ 105.79 ಎಂದು ಬಂದಿತು. ಎರಡನೆಯ ಅಂಕಿ ಹೆಚ್ಚಾದುದರಿಂದ ಹೂಳು ಕರಗಿತೆಂದು ತಿಳಿಯಬಾರದು. ಅಳೆಯುವ ಕ್ರಮ ಬೇರೆಯಾದಂತೆ ಲೆಕ್ಕವೂ ಕೊಂಚ ಬೇರೆಯಾಗುವುದು. ಹೇಗೆ ಅಳೆದರೂ ಐದರಲ್ಲಿ ಒಂದು ಪಾಲು ಮಣ್ಣಿನ ವಶವಾಗಿರುವುದು ನಿಶ್ಚಯ.

"ತೋಡಿ ತೆಗೆಯಬಾರದೇಕೆ?" ಎಂದು ಕೇಳುವವರುಂಟು. 2017ರ ಬೇಸಗೆಯಲ್ಲಿ ರೈತರೇ ಒಟ್ಟುಗೂಡಿ ಜಲಾಶಯದ ಹೂಳೆತ್ತಲು ತೊಡಗಿದರು. ಅವರ ಛಲವು ಸ್ತುತ್ಯವಾದುದು. ಆದರೆ ಲೆಕ್ಕವನ್ನೂ ನೋಡಬೇಕಷ್ಟೆ. ತುಂಬಿರುವ ಹೂಳು ಸುಮಾರು 75 ಕೋಟಿ ಘನ ಮೀಟರ್. ಒಂದು ಲಾರಿಯು ಹತ್ತು ಘನ ಮೀಟರ್ ಒಯ್ಯುವುದಾದರೆ ಏಳೂವರೆ ಕೋಟಿ ಲಾರಿ ಮಣ್ಣಾಯಿತು. ದಿನಕ್ಕೆ ಸಾವಿರ ಲಾರಿಗಳಂತೆ ಒಂದು ದಿನವೂ ಬಿಡದೆ ಸಾಗಿಸಿದರೂ ಇನ್ನೂರು ವರ್ಷಗಳು ಬೇಕು. ಅಷ್ಟರಲ್ಲಿ ಹೊಸ ಹೂಳು ಬರುತ್ತಲೇ ಇರುವುದು. ತೆಗೆದ ಮಣ್ಣನ್ನು ಸುರಿಯುವುದೆಲ್ಲಿ ಎಂಬುದು ಇನ್ನೊಂದು ಪ್ರಶ್ನೆ.

ಹರಿಯುವ ನೀರಿನಿಂದಲೇ ಮಣ್ಣನ್ನು ಕೊಚ್ಚಿಸುವ ಉಪಾಯವೂ ಉಂಟು. ಚೀನದ ಹಳದಿ ನದಿಗೆ 1960ರಲ್ಲಿ ಕಟ್ಟಿದ ಸಾನ್‌ಮೆನ್‌ಶಿಯಾ ಅಣೆಕಟ್ಟು ಕೆಲವೇ ವರ್ಷಗಳಲ್ಲಿ ಹೂಳಿನಿಂದ ತುಂಬಿತು. ಬಳಿಕ ಅದರ ಬುಡದಲ್ಲಿ ತೂಬುಗಳನ್ನು ತೆರೆದು, ಪ್ರವಾಹದ ರಾಡಿ ನೀರನ್ನು ಹೊರಬಿಟ್ಟು ತಿಳಿನೀರನ್ನು ಮಾತ್ರ ನಿಲ್ಲಿಸುವ ಪದ್ಧತಿಯನ್ನು ಹಿಡಿದರು. ನಮ್ಮ ಜಲಾಶಯವಾದರೋ ಬಹಳ ಅಗಲವಾದುದು. ಹೂಳಿನ ಬಹುಭಾಗವು ಗೇಟುಗಳಿಂದ ದೂರದಲ್ಲಿ, ಹೊಳೆಯು ಹಿನ್ನೀರನ್ನು ಸೇರುವ ಕಡೆಗೆ ಕೂರುತ್ತದೆ. ಮೇಲಿನ ಗೇಟುಗಳನ್ನು ಎತ್ತಿದ ಮಾತ್ರಕ್ಕೆ ಅದು ಹೋಗಲಾರದು.

ಹಾಗಾದರೆ ಮಣ್ಣು ಬರುವ ಹಾದಿಯನ್ನೇ ನೋಡಬೇಕು. ಮಲೆನಾಡಿನಿಂದ ಹೊಸಪೇಟೆಯವರೆಗೆ ಸುಮಾರು 28 ಸಾವಿರ ಚದರ ಕಿಲೋಮೀಟರ್ ನೆಲದ ಮಳೆಯು ಈ ಜಲಾಶಯಕ್ಕೆ ಬರುತ್ತದೆ. ಕಾಡು ಕಡಿದ ಇಳಿಜಾರು, ಬದುವಿಲ್ಲದ ಹೊಲ, ಗಣಿಯ ಅಗೆತ, ಇವುಗಳಿಂದ ಮಣ್ಣು ಸಡಿಲವಾಗುವುದು. ಭದ್ರೆಯ ಮೇಲ್ಭಾಗದ ಕುದುರೆಮುಖದ ಗಣಿಯು 2005ರ ಕೊನೆಗೆ ನಿಂತುದು ಒಳ್ಳೆಯದೇ ಆಯಿತು. ಇತ್ತೀಚೆಗೆ ಹವೆಯ ಕ್ರಮವೂ ಕೆಡುತ್ತಿದೆ. ಸೋನೆಯಾಗಿ ಬೀಳುವ ಮಳೆಯನ್ನು ನೆಲವು ಕುಡಿಯುವುದು. ತಿಂಗಳ ಮಳೆಯು ಮೂರು ದಿನಗಳಲ್ಲಿ ಸುರಿದರೆ ಅದು ನೆಲವನ್ನೇ ಹೊತ್ತುಕೊಂಡು ಹೋಗುವುದು. 2019ರಲ್ಲಿ ನೆರೆ, 2023ರಲ್ಲಿ ಬರ. ನೆರೆಯ ವರ್ಷ ನೀರನ್ನು ಹಿಡಿದಿಡಲು ಎಡೆಯಿಲ್ಲದೆ, ಬರದ ವರ್ಷ ಕಳೆದುಕೊಂಡುದಕ್ಕಾಗಿ ಮರುಗುವಂತಾಗಿದೆ.

2024ರ ಆಗಸ್ಟ್ 10ರ ರಾತ್ರಿ ತುಂಬಿದ ಜಲಾಶಯದ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋಯಿತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಕೂಡಿಸಿದರೂ, 2025ರಲ್ಲಿ 80 ಟಿಎಂಸಿಗಿಂತ ಹೆಚ್ಚು ನೀರನ್ನು ನಿಲ್ಲಿಸಲು ಧೈರ್ಯವಾಗಲಿಲ್ಲ. ಎಲ್ಲ ಗೇಟುಗಳನ್ನೂ ಬದಲಾಯಿಸುವ ಸಲುವಾಗಿ ಆ ಸಾಲಿನ ಎರಡನೆಯ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಗೇಟು ಕೆಟ್ಟುದಕ್ಕೆ ಹೂಳು ಕಾರಣವಲ್ಲ, ನಿಜ. ಆದರೆ ನೀರು ಕಡಮೆಯಾದಾಗ ಮನೆಯೊಂದರಲ್ಲಿ ಏನಾಗುವುದೆಂಬುದನ್ನು ಆ ವರ್ಷವು ತೋರಿಸಿತು: ಗದ್ದೆ ಬೀಳು, ಕೂಲಿಯಿಲ್ಲ, ಸಾಲದ ಕಂತು ಮಾತ್ರ ತಪ್ಪದು. ಗೇಟುಗಳನ್ನು ಹೊಸದಾಗಿ ಮಾಡಬಹುದು. ಹೂಳಿನ ನಷ್ಟ ಶಾಶ್ವತವಾದುದು.

ನಷ್ಟವಾದ ನೀರನ್ನು ಹಿಡಿಯಲು ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯವನ್ನು ಕಟ್ಟುವ ಮಾತು ಬಹುಕಾಲದಿಂದ ನಡೆದಿದೆ. ಆಗುವುದಾದರೆ ಆಗಲಿ. ಆದರೆ ಹೊಸ ಹಂಡೆಯನ್ನು ತಂದವರು ಮಣ್ಣುನೀರನ್ನೇ ತುಂಬಿದರೆ ಫಲವೇನು? ಮೇಲಿನವರು ಬದು ಕಟ್ಟಿ, ಇಳಿಜಾರಿನಲ್ಲಿ ಗಿಡ ಬೆಳೆಸಿ ಮಣ್ಣನ್ನು ಅಲ್ಲಿಯೇ ಉಳಿಸಿಕೊಳ್ಳಬೇಕು. ಅದು ಅವರ ಹೊಲದ ಸತ್ತ್ವವೂ ಹೌದು. ಕೆಳಗಿನವರು ಎಲ್ಲ ಹೊಲಕ್ಕೂ ಭತ್ತವೆಂಬ ಹಟವನ್ನು ಬಿಟ್ಟು ಜೋಳ, ಕಡಲೆಗಳಿಗೂ ಎಡೆಗೊಡಬೇಕು. ಊರ ಕೆರೆಗಳ ಹೂಳನ್ನಂತೂ ಬೇಸಗೆಯಲ್ಲಿ ತೆಗೆದು ಹೊಲಕ್ಕೆ ಹಾಕಬಹುದು. ಕೆರೆಯ ಮಣ್ಣು ತೆಗೆಯುವ ಬಂಡಿಗಳಿಗಾಗಿಯೇ ನಮ್ಮ ಪೂರ್ವಿಕರು ದತ್ತಿ ಬಿಟ್ಟಿದ್ದುದಕ್ಕೆ ಶಾಸನಗಳಿವೆ.

ಒಮ್ಮೆ ನೆಲೆಯನ್ನು ಕಳೆದುಕೊಂಡು ಬಂದವರ ಊರುಗಳು ಕಾಲುವೆಯ ಕೆಳಗಿವೆ. ನೀರಿಲ್ಲವೆಂದು ಅವರ ಮೊಮ್ಮಕ್ಕಳು ಇನ್ನೊಮ್ಮೆ ಗಂಟುಕಟ್ಟುವಂತಾಗಬಾರದು. ಅದು ಮಲೆನಾಡಿನ ಇಳಿಜಾರಿನಲ್ಲಿ ನೇಗಿಲು ಹಿಡಿದವನ ಕೈಯಲ್ಲಿಯೂ ಇದೆಯೆಂಬುದನ್ನು ನಾವೆಲ್ಲರೂ ನೆನೆಯಬೇಕು.